ದುರ್ಬಲ ಬ್ಯಾಕ್‌ಹ್ಯಾಂಡ್‌ಗೆ ರಬ್ಬರ್ ಆರಿಸುವುದು ಹೇಗೆ? ಟೇಬಲ್ ಟೆನಿಸ್ ಆಟಗಾರರಿಗೊಂದು ಮಾರ್ಗದರ್ಶಿ

ಫೋರ್‌ಹ್ಯಾಂಡ್ ಗಟ್ಟಿಯಾಗಿದ್ದು ಬ್ಯಾಕ್‌ಹ್ಯಾಂಡ್ ಸೊರಗಿರುವ ಆಟಗಾರರ ಗುಟ್ಟು ಹೆಚ್ಚು ಹೊತ್ತು ಗುಟ್ಟಾಗಿ ಉಳಿಯುವುದಿಲ್ಲ. ಮೊದಲ ಗೇಮ್ ಮುಗಿಯುವಷ್ಟರಲ್ಲಿ ಎದುರಾಳಿ ಅದನ್ನು ಕಂಡುಕೊಂಡು, ಸರ್ವ್, ಪುಶ್ (ಚೆಂಡನ್ನು ಕೆಳಗಿನಿಂದ ಉಜ್ಜಿ ಮೆಲ್ಲಗೆ ತಳ್ಳುವ ಹೊಡೆತ), ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸುವ ಹೊಡೆತ) ಎಲ್ಲವನ್ನೂ ಅದೇ ಮೂಲೆಗೆ ಕಳುಹಿಸತೊಡಗುತ್ತಾರೆ. ಹೀಗೆ ಒಂದೆರಡು ಪಂದ್ಯ ಸೋತ ಮೇಲೆ ಬರುವ ಮೊದಲ ಯೋಚನೆಯೇ ಬ್ಯಾಟಿನ ಆ ಬದಿಗೆ ಅಂಟಿಸಿರುವ ರಬ್ಬರ್ ಹಾಳೆಯನ್ನು ಬದಲಾಯಿಸುವುದು. ಯೋಚನೆ ತಪ್ಪಲ್ಲ, ಆದರೆ ಅದನ್ನು ಜಾರಿಗೆ ತರುವಾಗ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು, ಫೋರ್‌ಹ್ಯಾಂಡ್‌ಗೆ ಒಗ್ಗಿರುವ ರಬ್ಬರನ್ನೇ ಹಿಂಬದಿಗೂ ಅಂಟಿಸುವುದು. ಇನ್ನೊಂದು, ಕೈಯಲ್ಲಿ ಇಲ್ಲದ ವೇಗವನ್ನು ರಬ್ಬರ್ ಕೊಡಲಿ ಎಂದು ಅಂಗಡಿಯಲ್ಲಿರುವ ಅತಿ ವೇಗದ ರಬ್ಬರನ್ನು ತರುವುದು. ಈ ಎರಡೂ ದಾರಿಗಳು ಬಹುಪಾಲು ಆಟಗಾರರ ಬ್ಯಾಕ್‌ಹ್ಯಾಂಡನ್ನು ಇನ್ನಷ್ಟು ಕೆಡಿಸುತ್ತವೆ.

ಒಳ್ಳೆಯ ರಬ್ಬರ್ ಇಲ್ಲದ ಹೊಡೆತವನ್ನು ಹುಟ್ಟಿಸಲಾರದು, ಆದರೆ ಒಗ್ಗದ ರಬ್ಬರ್ ಬೆಳೆಯಬಹುದಾದ ಹೊಡೆತವನ್ನು ಖಂಡಿತವಾಗಿ ತಡೆಯಬಲ್ಲದು ಎಂಬ ನಂಬಿಕೆಯ ಮೇಲೆ ಈ ಲೇಖನ ನಿಂತಿದೆ. ಕೈ ಕುಲುಕುವಂತೆ ಬ್ಯಾಟ್ ಹಿಡಿಯುವ ಶೇಕ್‌ಹ್ಯಾಂಡ್ ಹಿಡಿತದಲ್ಲಿ ಆಡುವ, ಕ್ಲಬ್ ಮಟ್ಟದ, ಎರಡೂ ಬದಿಗೆ ನುಣುಪು ಮೇಲ್ಮೈಯ ಸಾಮಾನ್ಯ ರಬ್ಬರ್ ಬಳಸುವ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಹೊರಮೈಯಲ್ಲಿ ಗುಳ್ಳೆಗಳಿರುವ ಪಿಂಪಲ್ಸ್ ರಬ್ಬರ್‌ಗಳ ವಿಚಾರ ಏಳನೆಯ ಹೆಜ್ಜೆಯಲ್ಲಿ ಬರುತ್ತದೆ.

ಮೊದಲ ಹೆಜ್ಜೆ: ಯಾವ ಚೆಂಡು ಕೈಕೊಡುತ್ತಿದೆ ಎಂದು ಗುರುತಿಸಿ

"ನನ್ನ ಬ್ಯಾಕ್‌ಹ್ಯಾಂಡ್ ಸರಿಯಿಲ್ಲ" ಎಂಬಷ್ಟು ಮಾತಿನಿಂದ ರಬ್ಬರ್ ಆರಿಸಲು ಸಾಧ್ಯವಿಲ್ಲ. ಬ್ಲಾಕ್ ಮಾಡಲಾಗದವರಿಗೆ, ಅಂದರೆ ಜೋರಾಗಿ ಬಂದ ಚೆಂಡಿಗೆ ಬ್ಯಾಟ್ ಒಡ್ಡಿ ತಡೆಯಲಾಗದವರಿಗೆ, ಬೇಕಾದ ರಬ್ಬರ್ ಬೇರೆ, ಬ್ಯಾಕ್‌ಸ್ಪಿನ್ (ಹಿಮ್ಮುಖವಾಗಿ ತಿರುಗುತ್ತ ಬರುವ ಚೆಂಡು) ಎತ್ತಲಾಗದವರಿಗೆ ಬೇಕಾದದ್ದು ಬೇರೆ. ಕೆಲವೊಮ್ಮೆ ಇವೆರಡೂ ಒಂದಕ್ಕೊಂದು ವಿರುದ್ಧ. ಆದ್ದರಿಂದ ಹಣ ತೆಗೆಯುವ ಮೊದಲು ಮೊಬೈಲನ್ನು ಟೇಬಲ್ಲಿನ ಪಕ್ಕದಲ್ಲಿ, ನೆಟ್ಟಿನ ಎತ್ತರಕ್ಕೆ ಸರಿಯಾಗಿ ನಿಲ್ಲಿಸಿ, ಅಭ್ಯಾಸವನ್ನಲ್ಲ, ಅಂಕ ಎಣಿಸುವ ನಿಜವಾದ ಪಂದ್ಯಗಳನ್ನು ಚಿತ್ರೀಕರಿಸಿಕೊಳ್ಳಿ. ಬ್ಯಾಕ್‌ಹ್ಯಾಂಡ್‌ನಲ್ಲಿ ಕಳೆದುಕೊಂಡ ಪ್ರತಿ ಅಂಕಕ್ಕೂ ಮೂರು ವಿಷಯ ಬರೆದಿಡಿ: ಬಂದ ಚೆಂಡಿನಲ್ಲಿ ಯಾವ ಸ್ಪಿನ್ ಇತ್ತು, ನೀವು ಯಾವ ಹೊಡೆತಕ್ಕೆ ಹೋದಿರಿ, ಚೆಂಡು ನೆಟ್ಟಿಗೆ ಬಿತ್ತೋ, ಟೇಬಲ್ ದಾಟಿತೋ ಅಥವಾ ಟೇಬಲ್ ಮೇಲೆ ಬಿದ್ದರೂ ಎದುರಾಳಿಗೆ ಸುಲಭವಾಯಿತೋ. ನಾಲ್ಕೈದು ಗೇಮ್‌ಗಳ ಟಿಪ್ಪಣಿಯಲ್ಲೇ ಒಂದು ಮಾದರಿ ಕಾಣತೊಡಗುತ್ತದೆ.

ಎದುರಾಳಿಯ ಟಾಪ್‌ಸ್ಪಿನ್ ಮೇಲೆ ಬಂದಾಗ ಬ್ಲಾಕ್ ಮಾಡಿದ ಚೆಂಡು ಪದೇ ಪದೇ ಟೇಬಲ್ಲಿನ ಆಚೆ ಬೀಳುತ್ತಿದ್ದರೆ, ರಬ್ಬರ್ ತಾನಾಗಿಯೇ ಚಿಮ್ಮಿಸುವ ಶಕ್ತಿ ನಿಮ್ಮ ಕೈಗೆ ಹೆಚ್ಚಾಗಿದೆ, ಇಲ್ಲವೇ ಅದು ಬಂದ ಸ್ಪಿನ್ನಿಗೆ ಅತಿಯಾಗಿ ಸ್ಪಂದಿಸುತ್ತಿದೆ. ರಬ್ಬರ್ ಹಾಳೆಯಲ್ಲಿ ಎರಡು ಪದರಗಳಿರುತ್ತವೆ: ಚೆಂಡು ತಾಗುವ ಮೇಲ್ಪದರ, ಅದರ ಕೆಳಗಿನ ಸ್ಪಾಂಜ್. ಇಂಥವರಿಗೆ ತೆಳುವಾದ ಸ್ಪಾಂಜ್, ಸಾಧಾರಣ ವೇಗ, ಚೆಂಡು ತೀರಾ ಎತ್ತರಕ್ಕೆ ಏಳದ ಮೇಲ್ಪದರ ಬೇಕು. ಅದಕ್ಕೆ ಬದಲಾಗಿ, ಉದ್ದನೆಯ ಬ್ಯಾಕ್‌ಸ್ಪಿನ್ ಪುಶ್ ಬಂದಾಗ ನಿಮ್ಮ ಟಾಪ್‌ಸ್ಪಿನ್ ನೆಟ್ಟಿನ ಕೆಳಭಾಗಕ್ಕೆ ಹೋಗಿ ಬಡಿಯುತ್ತಿದ್ದರೆ, ಚೆಂಡು ಸ್ಪಾಂಜಿನೊಳಗೆ ಇಳಿಯದೆ ಮೇಲ್ಮೈಯಲ್ಲೇ ಜಾರುತ್ತಿದೆ ಎಂದು ಅರ್ಥ. ಅಲ್ಲಿ ಬೇಕಾಗಿರುವುದು ಚೆಂಡನ್ನು ಒಂದು ಕ್ಷಣ ಹಿಡಿದು ಎತ್ತಿಕೊಡುವ, ಹಿಡಿತ ಜೋರಾಗಿರುವ, ಸ್ವಲ್ಪ ಮೆದುವಾದ ರಬ್ಬರ್.

ಮೂರನೆಯ ಗುಂಪಿನವರ ಚೆಂಡು ಹೊರಗೂ ಹೋಗುವುದಿಲ್ಲ, ನೆಟ್ಟಿಗೂ ಬೀಳುವುದಿಲ್ಲ. ಸುರಕ್ಷಿತವಾಗಿ ಟೇಬಲ್ ಮೇಲೆ ಬೀಳುತ್ತದೆ, ಆದರೆ ಅದರಲ್ಲಿ ಏನೂ ಇರುವುದಿಲ್ಲ, ಎದುರಾಳಿ ನಿಂತಲ್ಲೇ ಹೊಡೆದು ಮುಗಿಸುತ್ತಾರೆ. ಸ್ವಲ್ಪ ಹೆಚ್ಚು ಚೈತನ್ಯವುಳ್ಳ ರಬ್ಬರ್ ನಿಜವಾಗಿ ನೆರವಾಗುವುದು ಈ ಗುಂಪಿಗೆ ಮಾತ್ರ. ಸರ್ವ್ ತೆಗೆದುಕೊಳ್ಳುವಾಗಲೇ ಎಡವುವವರಿಗೆ ಸ್ಪಿನ್ನಿಗೆ ಕಡಿಮೆ ಸ್ಪಂದಿಸುವ ರಬ್ಬರ್ ಸ್ವಲ್ಪ ಮಟ್ಟಿಗೆ ಉಸಿರಾಡಲು ಅವಕಾಶ ಕೊಡುತ್ತದೆ, ಉಳಿದದ್ದು ಸರ್ವ್ ಓದುವ ಅಭ್ಯಾಸದಿಂದಲೇ ಬರಬೇಕು.

ಇನ್ನು, ಚೆಂಡು ಬ್ಯಾಟಿನ ಅಂಚಿಗೆ ತಗಲುತ್ತಿದ್ದರೆ, ಅಥವಾ ಚಿತ್ರದಲ್ಲಿ ನಿಮ್ಮ ಬ್ಯಾಟ್ ಚೆಂಡನ್ನು ಮುಟ್ಟುವಾಗ ಚೆಂಡು ನಿಮ್ಮ ಹೊಟ್ಟೆಯ ಮುಂದೆ ಇರದೆ ಪಕ್ಕಕ್ಕೆ ದಾಟಿ ಹೋಗಿದ್ದರೆ, ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಕಾಲಿನ ಕೆಲಸಕ್ಕೆ ಗಮನ ಕೊಡುವುದು ಒಳ್ಳೆಯದು. ತಡವಾಗಿ ಮುಟ್ಟಿದ ಚೆಂಡಿಗೆ ಯಾವ ಕಂಪನಿಯ ರಬ್ಬರೂ ಮದ್ದಲ್ಲ. ಫೋರ್‌ಹ್ಯಾಂಡ್ ಹಿಡಿತದಲ್ಲೇ ಬ್ಯಾಟನ್ನು ಬಿಗಿಯಾಗಿ ಹಿಡಿದು ಕಾಯುವ ಅಭ್ಯಾಸವಿದ್ದರೂ ಇದೇ ಮಾತು.

ಎರಡನೆಯ ಹೆಜ್ಜೆ: ಬ್ಲೇಡ್ ಮತ್ತು ತೂಕವನ್ನು ಪರಿಶೀಲಿಸಿ

ರಬ್ಬರಿನ ಮೇಲೆ ಹೊರಿಸುವ ಎಷ್ಟೋ ಆಪಾದನೆಗಳು ನಿಜವಾಗಿ ಬ್ಲೇಡಿಗೆ, ಅಂದರೆ ರಬ್ಬರ್ ಅಂಟಿಸುವ ಹಿಡಿಕೆಸಹಿತ ಹಲಗೆಗೆ, ಸೇರಿದ್ದು. ಹೊರಪದರದ ಬೆನ್ನಿಗೇ ಕಾರ್ಬನ್ ನಾರಿನ ಪದರ ಇರುವ ವೇಗದ ಬ್ಲೇಡಿನಲ್ಲಿ ಚೆಂಡು ಬೇಗ ಬಿಟ್ಟು ಹೋಗುತ್ತದೆ; ಅಂಥ ಬ್ಲೇಡಿಗೆ ನಿಧಾನ ರಬ್ಬರ್ ಅಂಟಿಸಿದರೂ ಬ್ಲಾಕ್ ಪೂರ್ತಿ ತಣ್ಣಗಾಗುವುದಿಲ್ಲ. ಐದು ಪದರಗಳ ಪೂರ್ಣ ಮರದ ಬ್ಲೇಡಿನಲ್ಲಿ ಅದೇ ರಬ್ಬರ್ ಬೇರೆಯದೇ ಎಂಬಂತೆ ವರ್ತಿಸುತ್ತದೆ. ನಿಮ್ಮದು ಕಾರ್ಬನ್ ಬ್ಲೇಡ್ ಆಗಿದ್ದು, ಫೋರ್‌ಹ್ಯಾಂಡ್‌ನಲ್ಲೂ ಆಗಾಗ ಚೆಂಡು ದಾಟಿ ಹೋಗುತ್ತಿದ್ದರೆ, ರಬ್ಬರಿಗೆ ಹಾಕಬೇಕೆಂದಿರುವ ಹಣವನ್ನು ಸರಳವಾದ ಮರದ ಬ್ಲೇಡಿಗೆ ಹಾಕುವುದು ಹೆಚ್ಚು ಜಾಣತನ.

ತೂಕದ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಸಾಮಾನ್ಯ ಬ್ಲೇಡ್ ಸುಮಾರು 85ರಿಂದ 90 ಗ್ರಾಂ ಇರುತ್ತದೆ. ಬ್ಲೇಡಿನ ಆಕಾರಕ್ಕೆ ಕತ್ತರಿಸಿದ ರಬ್ಬರ್ ಹಾಳೆಯೊಂದು, ಮೆದುವಾಗಿದ್ದರೆ 42-45 ಗ್ರಾಂ, ಗಟ್ಟಿ ಸ್ಪಾಂಜಿನದಾಗಿದ್ದರೆ 50 ಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಎರಡೂ ಬದಿಗೆ ಗಟ್ಟಿ ರಬ್ಬರ್ ಹಾಕಿದ ಬ್ಯಾಟ್ 190 ಗ್ರಾಂ ದಾಟುವುದು ಹೀಗೆಯೇ. ಹತ್ತು ಗ್ರಾಂ ವ್ಯತ್ಯಾಸ ಕೇಳಲು ಚಿಕ್ಕದು. ಆದರೆ ಆ ಹತ್ತೂ ಗ್ರಾಂ ಹಿಡಿಕೆಯಿಂದ ದೂರ, ಬ್ಯಾಟಿನ ತಲೆಯ ಭಾಗದಲ್ಲಿ ಸೇರಿಕೊಳ್ಳುವುದರಿಂದ ಮಣಿಕಟ್ಟಿಗೆ ಅದರ ಭಾರ ಸರಿಯಾಗಿಯೇ ತಿಳಿಯುತ್ತದೆ. ಫೋರ್‌ಹ್ಯಾಂಡ್ ಹೊಡೆತದಲ್ಲಿ ಸೊಂಟ ಮತ್ತು ಭುಜಗಳು ಆ ಭಾರವನ್ನು ಹೊತ್ತುಕೊಳ್ಳುತ್ತವೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಅದು ಮುಂಗೈ ಮತ್ತು ಮಣಿಕಟ್ಟಿನ ಪಾಲಿಗೆ ಬರುತ್ತದೆ. ಫೋರ್‌ಹ್ಯಾಂಡ್‌ನಿಂದ ಬ್ಯಾಕ್‌ಹ್ಯಾಂಡ್‌ಗೆ ಬ್ಯಾಟ್ ತಿರುಗಿಸುವ ಕ್ಷಣದಲ್ಲಿ ಆಗುವ ತಡವೂ ಅಲ್ಲಿಂದಲೇ ಹುಟ್ಟುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಈಗಿನ ಬ್ಯಾಟನ್ನು ತೂಗಿ ನೋಡಿ. 185 ಗ್ರಾಂ ಮೀರಿದ್ದು, ರ್‍ಯಾಲಿಯ ವೇಗ ಹೆಚ್ಚಿದಾಗ ಬ್ಯಾಕ್‌ಹ್ಯಾಂಡ್ ಹಿಂದೆ ಬೀಳುತ್ತಿದ್ದರೆ, ಹೊಸ ರಬ್ಬರ್ ಹಗುರವಾಗಿರಬೇಕು ಎಂಬುದನ್ನು ಷರತ್ತುಗಳ ಪಟ್ಟಿಯಲ್ಲಿ ಮೇಲೆಯೇ ಬರೆದುಕೊಳ್ಳಿ. ಒಂದೇ ಹೆಸರಿನ ಎರಡು ಹಾಳೆಗಳ ನಡುವೆಯೂ ಕೆಲವು ಗ್ರಾಂ ವ್ಯತ್ಯಾಸ ಇರುವುದುಂಟು. ತೂಗಿ ಕೊಡುವ ಅಂಗಡಿಯಾದರೆ ಹಗುರವಾದದ್ದನ್ನು ಕೇಳಿ ಪಡೆಯಿರಿ.

ಮೂರನೆಯ ಹೆಜ್ಜೆ: ಸ್ಪಾಂಜಿನ ಗಡಸುತನವನ್ನು ನಿರ್ಧರಿಸಿ

ಇಡೀ ಆಯ್ಕೆಯಲ್ಲಿ ಹೆಚ್ಚು ಮಹತ್ವದ ನಿರ್ಧಾರ ಇದೇ, ಆದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ನಿನಲ್ಲಿ ಬ್ಯಾಟ್ ದೇಹದ ಹಿಂದಿನಿಂದ ಹೊರಟು, ಕಾಲು, ಸೊಂಟ, ಭುಜಗಳ ತಿರುವನ್ನೆಲ್ಲ ಸೇರಿಸಿಕೊಂಡು ಚೆಂಡಿಗೆ ಬರುತ್ತದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಆ ದಾರಿಗೆ ನಮ್ಮ ದೇಹವೇ ಅಡ್ಡ. ಬ್ಯಾಟ್ ಹೊಟ್ಟೆಯ ಮುಂದಿನಿಂದ ಹೊರಡಬೇಕು, ಮೊಣಕೈಯನ್ನು ತಿರುಗಣೆಯಾಗಿಟ್ಟುಕೊಂಡು ಮುಂಗೈ ಮತ್ತು ಮಣಿಕಟ್ಟು ಉಂಟುಮಾಡುವ ವೇಗವಷ್ಟೇ ಅದಕ್ಕೆ ಸಿಗುತ್ತದೆ. ಅಭ್ಯಾಸ ಸಾಲದ ಬ್ಯಾಕ್‌ಹ್ಯಾಂಡ್‌ನಲ್ಲಿ ಆ ವೇಗವೂ ಅರ್ಧಕ್ಕೆ ನಿಂತಿರುತ್ತದೆ.

ಗಟ್ಟಿ ಸ್ಪಾಂಜ್ ಕೆಲಸ ಮಾಡಬೇಕಾದರೆ ಚೆಂಡು ಅದನ್ನು ಒತ್ತುವಷ್ಟು ಬಲದಿಂದ ತಾಗಬೇಕು. ಆ ಬಲ ಇಲ್ಲದಿದ್ದರೆ ಸ್ಪಾಂಜ್ ಕುಗ್ಗುವುದಿಲ್ಲ, ಮೇಲ್ಪದರ ಚೆಂಡನ್ನು ಸುತ್ತುವರಿದು ಹಿಡಿಯುವುದಿಲ್ಲ, ಚೆಂಡು ಹಲಗೆಗೆ ತಾಗಿದಂತೆ ಸಪ್ಪೆಯಾಗಿ ಹೊರಡುತ್ತದೆ. ಮಧ್ಯಮ ಅಥವಾ ಮೆದು ಸ್ಪಾಂಜ್ ಕಡಿಮೆ ಬಲಕ್ಕೂ ಕುಗ್ಗಿ, ಮತ್ತೆ ಹಿಗ್ಗುವಾಗ ಚೆಂಡಿಗೆ ವೇಗ ಮತ್ತು ಸ್ಪಿನ್ ಎರಡನ್ನೂ ಸೇರಿಸುತ್ತದೆ. ಚಿಕ್ಕ ಹೊಡೆತಕ್ಕೂ ಉತ್ತರ ಕೊಡುವ ರಬ್ಬರ್ ಎಂದರೆ ಇದು. ಹಲವು ವೃತ್ತಿಪರ ಆಟಗಾರರೂ ಫೋರ್‌ಹ್ಯಾಂಡ್‌ಗಿಂತ ಒಂದು ಮೆಟ್ಟಿಲು ಮೆದುವಾದ ರಬ್ಬರನ್ನು ಬ್ಯಾಕ್‌ಹ್ಯಾಂಡ್‌ಗೆ ಇಟ್ಟುಕೊಳ್ಳುವುದು ಇದೇ ಲೆಕ್ಕದ ಮೇಲೆ.

ಹಾಗೆಂದು ಸಿಕ್ಕಷ್ಟು ಮೆದುವಾದದ್ದನ್ನು ತರಬೇಕಿಲ್ಲ. ಅತಿ ಮೆದು ಸ್ಪಾಂಜಿನಲ್ಲಿ ಜೋರಾಗಿ ಬಂದ ಚೆಂಡು ಸ್ಪಾಂಜನ್ನು ಪೂರ್ತಿ ಒತ್ತಿ ಮರಕ್ಕೇ ತಾಗಿಬಿಡುತ್ತದೆ. ಆಗ ಮೆಲ್ಲನೆ ಬಂದ ಚೆಂಡಿಗೆ ಒಂದು ಬಗೆಯ ಉತ್ತರ, ಜೋರಾಗಿ ಬಂದ ಚೆಂಡಿಗೆ ಇನ್ನೊಂದು ಬಗೆಯ ಉತ್ತರ ಸಿಗುತ್ತದೆ. ಈ ಅಸಮತೆಯೇ ಬ್ಲಾಕ್ ಮಾಡುವವರ ಆತ್ಮವಿಶ್ವಾಸವನ್ನು ಕೊಲ್ಲುವಂಥದ್ದು. ಜೊತೆಗೆ, ಅತಿ ಮೆದು ರಬ್ಬರ್‌ಗಳಲ್ಲಿ ಕೆಲವು ಸಣ್ಣ ಸ್ಪರ್ಶಕ್ಕೂ ಚಿಮ್ಮುವುದರಿಂದ ನೆಟ್ಟಿನ ಬಳಿ ಬೀಳಬೇಕಾದ ಪುಶ್ ಉದ್ದವಾಗಿ ಹೋಗಿ ಎದುರಾಳಿಯ ಹೊಡೆತಕ್ಕೆ ಆಹ್ವಾನವಾಗುತ್ತದೆ.

ಗಡಸುತನದ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಜರ್ಮನಿಯಲ್ಲಿ ತಯಾರಾಗುವ ಹಲವು ಬ್ರ್ಯಾಂಡ್‌ಗಳ ಅಳತೆ ಒಂದು, ಜಪಾನಿನ ಬಟರ್‌ಫ್ಲೈ ಕಂಪನಿಯ ಅಳತೆ ಇನ್ನೊಂದು, ಚೀನಾದ ಡಿಎಚ್‌ಎಸ್ ಕಂಪನಿಯದು ಮತ್ತೊಂದು. ಬಟರ್‌ಫ್ಲೈ ತನ್ನ ಟೆನರ್ಜಿ 05 ರಬ್ಬರಿಗೆ 36 ಎಂದು ಬರೆಯುತ್ತದೆ, ಅದರ ಮೆದು ರೂಪವಾದ ಟೆನರ್ಜಿ 05 ಎಫ್‌ಎಕ್ಸ್‌ಗೆ 32, ಗಟ್ಟಿಯಾದ ಡಿಗ್ನಿಕ್ಸ್ 05ಕ್ಕೆ 40. ಜರ್ಮನ್ ಅಳತೆಯಲ್ಲಿ 36 ಎಂದರೆ ಬಹಳ ಮೆದು. ಆದರೆ ಟೆನರ್ಜಿ 05 ಮೆದು ರಬ್ಬರ್ ಅಲ್ಲವೇ ಅಲ್ಲ. ಹಾಗೆಯೇ ಡಿಎಚ್‌ಎಸ್ ಹರಿಕೇನ್ 3 ರಬ್ಬರಿನ ಮೇಲಿನ 39 ಅಥವಾ 40 ಎಂಬ ಅಂಕಿ ನೋಡಿ ಅದನ್ನು ಮಧ್ಯಮ ಎಂದುಕೊಂಡರೆ ಮೋಸ ಹೋಗುತ್ತೀರಿ, ಅದು ಕೈಗೆ ಬಲು ಗಟ್ಟಿ. ಆದ್ದರಿಂದ ಒಂದು ಕಂಪನಿಯ ಅಂಕಿಯನ್ನು ಅದೇ ಕಂಪನಿಯ ಬೇರೆ ರಬ್ಬರ್‌ಗಳ ಜೊತೆ ಮಾತ್ರ ಹೋಲಿಸಿ.

ಒಂದು ಗುರಿ ಬೇಕೆಂದರೆ, ದುರ್ಬಲ ಬ್ಯಾಕ್‌ಹ್ಯಾಂಡ್‌ಗೆ ಜರ್ಮನ್ ಅಳತೆಯಲ್ಲಿ 40ರಿಂದ 45 ಡಿಗ್ರಿಗಳ ನಡುವೆ, ಬಟರ್‌ಫ್ಲೈ ಅಳತೆಯಲ್ಲಿ 32ರಿಂದ 36ರ ನಡುವೆ ಹುಡುಕುವುದು ಸೂಕ್ತ. ಬ್ಲಾಕ್ ಮತ್ತು ಕೌಂಟರ್ (ಎದುರಾಳಿಯ ದಾಳಿಗೆ ಮರುಹೊಡೆತ) ನಿಮ್ಮ ಮುಖ್ಯ ಆಟವಾದರೆ ಈ ವ್ಯಾಪ್ತಿಯ ಮೇಲ್ಭಾಗಕ್ಕೂ, ಮಣಿಕಟ್ಟಿನಿಂದ ಎತ್ತುವ ಟಾಪ್‌ಸ್ಪಿನ್ ಕಲಿಯುತ್ತಿದ್ದರೆ ಕೆಳಭಾಗಕ್ಕೂ ಸರಿಯಿರಿ.

ನಾಲ್ಕನೆಯ ಹೆಜ್ಜೆ: ದಪ್ಪ

ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ನಿನ ನಿಯಮದಂತೆ ಮೇಲ್ಪದರ, ಸ್ಪಾಂಜ್ ಮತ್ತು ಅಂಟು ಮೂರೂ ಸೇರಿ ರಬ್ಬರಿನ ದಪ್ಪ 4.0 ಮಿ.ಮೀ. ಮೀರುವಂತಿಲ್ಲ. ಪ್ಯಾಕೆಟ್ಟಿನ ಮೇಲೆ ಬರೆದಿರುವ 1.5, 1.8, 2.0 ಅಥವಾ "ಮ್ಯಾಕ್ಸ್" ಎಂಬುದು ಸ್ಪಾಂಜಿನ ದಪ್ಪ ಮಾತ್ರ.

ದಪ್ಪ ಸ್ಪಾಂಜಿನಲ್ಲಿ ಚೆಂಡು ಹೆಚ್ಚು ಆಳಕ್ಕೆ ಇಳಿದು ಹೆಚ್ಚು ವೇಗ, ಹೆಚ್ಚು ಸ್ಪಿನ್ ಪಡೆಯುತ್ತದೆ. ಆದರೆ ಹಾಗಾಗುವುದು ಹೊಡೆದಾಗ. ನಿಂತು ತಡೆಯುವಾಗ ಅದೇ ದಪ್ಪ ಚೆಂಡನ್ನು ಬೇಡದಿದ್ದರೂ ದೂರಕ್ಕೆ ತಳ್ಳುತ್ತದೆ. ಬ್ಲಾಕ್ ದಾಟಿ ಹೋಗುವ ತೊಂದರೆ ಇರುವವರು 1.7 ಅಥವಾ 1.8 ಮಿ.ಮೀ.ಗೆ ಇಳಿದರೆ ಮೊದಲ ದಿನವೇ ವ್ಯತ್ಯಾಸ ಕಾಣುತ್ತದೆ. ಹಾಳೆಯ ತೂಕವೂ ತುಸು ಇಳಿಯುತ್ತದೆ. ಉಳಿದವರಿಗೆ 1.9 ಅಥವಾ 2.0 ಮಿ.ಮೀ. ಒಳ್ಳೆಯ ನೆಲೆ. 1.5ಕ್ಕೂ ಕೆಳಗೆ ಇಳಿದು ಟಾಪ್‌ಸ್ಪಿನ್ ಆಡಲು ಹೊರಟರೆ ಚೆಂಡು ಬೇಗ ಮರಕ್ಕೆ ತಾಗುವುದರಿಂದ ಎತ್ತುವ ಹೊಡೆತ ಇನ್ನೂ ಕಷ್ಟವಾಗುತ್ತದೆ. ಹಿಂದಿನ ತಲೆಮಾರಿನವರು ತೆಳು ಸ್ಪಾಂಜನ್ನು ಕಣ್ಣುಮುಚ್ಚಿ ಸೂಚಿಸುತ್ತಿದ್ದರು, ಆದರೆ ಅವರು ಆಡಿದ್ದು ಸೆಲ್ಯುಲಾಯ್ಡ್ ಚೆಂಡಿನಲ್ಲಿ. 2014ರಿಂದ ದೊಡ್ಡ ಪಂದ್ಯಗಳಿಗೆ ಬಂದ ಪ್ಲಾಸ್ಟಿಕ್ ಚೆಂಡಿನಲ್ಲಿ ಸ್ಪಿನ್ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ, ಹಾಗಾಗಿ ತೀರಾ ತೆಳುವಿಗೆ ಹೋದವರಿಗೆ ಇಂದು ನಷ್ಟವೇ ಹೆಚ್ಚು.

ಐದನೆಯ ಹೆಜ್ಜೆ: ಮೇಲ್ಪದರದ ಸ್ವಭಾವ

ಸ್ಪಾಂಜಿನ ಮೇಲೆ ಕೂರುವ ಮೇಲ್ಪದರದಲ್ಲಿ ನೋಡಬೇಕಾದದ್ದು ಎರಡು: ಅದು ಚೆಂಡನ್ನು ಹೇಗೆ ಹಿಡಿಯುತ್ತದೆ, ಮತ್ತು ಎಷ್ಟು ಎತ್ತರದ ಕಮಾನಿನಲ್ಲಿ ಬಿಡುತ್ತದೆ.

ಚೀನಾ ಶೈಲಿಯ ಕೆಲವು ರಬ್ಬರ್‌ಗಳ ಮೇಲ್ಮೈ ಕೈಗೆ ಅಂಟುವಷ್ಟು ಜಿಗುಟಾಗಿರುತ್ತದೆ. ಹರಿಕೇನ್ 3 ಇದಕ್ಕೆ ಹೆಸರಾದದ್ದು. ಚೀನಾದ ಹೆಸರಾಂತ ಆಟಗಾರರ ಫೋರ್‌ಹ್ಯಾಂಡ್‌ನಲ್ಲಿ ಅದನ್ನು ಕಂಡು ಮಾರುಹೋಗುವವರು ಬಹಳ. ಆದರೆ ಜಿಗುಟು ಮೇಲ್ಪದರ, ಗಟ್ಟಿ ಸ್ಪಾಂಜ್, ಭಾರ ಈ ಮೂರೂ ಸೇರಿದ ರಬ್ಬರ್ ಪೂರ್ಣ ದೇಹದ ಹೊಡೆತಕ್ಕೆ ಮಾತ್ರ ಒಲಿಯುತ್ತದೆ. ಬಂದ ಸರ್ವಿನ ಸ್ಪಿನ್ನಿಗೂ ಅದು ತೀವ್ರವಾಗಿ ಸ್ಪಂದಿಸುತ್ತದೆ. ದುರ್ಬಲ ಬ್ಯಾಕ್‌ಹ್ಯಾಂಡ್‌ಗೆ ಇದಕ್ಕಿಂತ ಒಗ್ಗದ ಆಯ್ಕೆ ಹುಡುಕುವುದು ಕಷ್ಟ. ಜಿಗುಟಿಲ್ಲದೆ, ಉಜ್ಜಿದಾಗ ಹಿಡಿಯುವ ಮೇಲ್ಪದರವೇ ಇಲ್ಲಿ ಸರಿ.

ಕಮಾನಿನ ವಿಷಯ ನಿಮ್ಮ ಮೊದಲ ಹೆಜ್ಜೆಯ ಟಿಪ್ಪಣಿಗೆ ನೇರವಾಗಿ ಸಂಬಂಧಿಸಿದ್ದು. ನೆಟ್ಟಿಗೆ ಬೀಳುವವರಿಗೆ ಚೆಂಡನ್ನು ಎತ್ತರಕ್ಕೆ ಬಿಡುವ ರಬ್ಬರ್ ಬೇಕು. ಬ್ಲಾಕ್ ದಾಟಿ ಹೋಗುವವರಿಗೆ ತಗ್ಗಿನ ಕಮಾನು ಬೇಕು. ಟೆನರ್ಜಿ ಸರಣಿಯಲ್ಲೇ 05 ಎತ್ತರದ ಕಮಾನಿಗೆ, 64 ಅದಕ್ಕಿಂತ ತಗ್ಗಾದ, ನೇರವಾದ ಹಾದಿಗೆ ಹೆಸರಾಗಿದೆ. ಸ್ಪಾಂಜ್ ಒಂದೇ ಗಡಸುತನದ್ದಾದರೂ ಮೇಲ್ಪದರದ ಕೆಳಗಿನ ಗುಳ್ಳೆಗಳ ವಿನ್ಯಾಸ ಬೇರೆಯಾದ್ದರಿಂದ ಈ ವ್ಯತ್ಯಾಸ. ಎರಡೂ ತೊಂದರೆ ಇರುವವರು ಯಾವುದರಿಂದ ಹೆಚ್ಚು ಅಂಕ ಹೋಗುತ್ತಿದೆ ಎಂದು ಎಣಿಸಿ ಅದಕ್ಕೆ ಮದ್ದು ಮಾಡಬೇಕು. ಎರಡಕ್ಕೂ ಒಂದೇ ರಬ್ಬರ್ ಹುಡುಕಿದರೆ ಯಾವುದಕ್ಕೂ ಸಲ್ಲದ ಹಾಳೆ ಕೈಗೆ ಬರುತ್ತದೆ.

ಆರನೆಯ ಹೆಜ್ಜೆ: ಹೆಸರುಗಳಿಗೆ ಬನ್ನಿ

ಬ್ಲಾಕ್ ಮತ್ತು ನಿಯಂತ್ರಣವೇ ತೊಂದರೆಯಾಗಿರುವವರು ಹಳೆಯ ಪರಂಪರೆಯ ರಬ್ಬರ್‌ಗಳನ್ನು ತಿರಸ್ಕರಿಸಬಾರದು. ಬಟರ್‌ಫ್ಲೈ ಸ್ರೈವರ್ 1967ರಲ್ಲೂ ಯಸಾಕಾ ಮಾರ್ಕ್ ಫೈವ್ 1969ರಲ್ಲೂ ಬಂದವು. ಅಂದಿನಿಂದ ಹಲವು ತಲೆಮಾರುಗಳ ಆಟಗಾರರು ಇವುಗಳ ಮೇಲೆಯೇ ಆಟ ಕಲಿತರು. ಇವುಗಳಲ್ಲಿ ಇಂದಿನ ರಬ್ಬರ್‌ಗಳ ಚಿಮ್ಮುವ ಗುಣ ಇಲ್ಲ. ನೀವು ಎಷ್ಟು ಕೊಟ್ಟಿರೋ ಅಷ್ಟೇ ಹಿಂದಿರುಗಿ ಬರುತ್ತದೆ, ಆದ್ದರಿಂದ ಕೈ ಮಾಡಿದ ತಪ್ಪು ಕೈಗೇ ತಿಳಿಯುತ್ತದೆ. 1.8 ಅಥವಾ 2.0 ಮಿ.ಮೀ.ನ ಮಾರ್ಕ್ ಫೈವ್ ಈಗಲೂ ಬ್ಯಾಕ್‌ಹ್ಯಾಂಡ್ ಕಟ್ಟಲು ಒಳ್ಳೆಯ ಹಾಳೆ. ಬ್ಯಾಕ್‌ಸ್ಪಿನ್ ಎತ್ತಲು ಮಾತ್ರ ಅದು ಹೆಚ್ಚು ಶ್ರಮ ಕೇಳುತ್ತದೆ.

ಎತ್ತುವುದೇ ಕಷ್ಟವಾಗಿರುವವರಿಗೆ ಇಂದಿನ ಮಧ್ಯಮ-ಮೆದು ರಬ್ಬರ್‌ಗಳು ಹೆಚ್ಚು ಒಗ್ಗುತ್ತವೆ. ಕ್ಸಿಯೋಮ್ ಕಂಪನಿಯ ವೇಗಾ ಯೂರೋಪ್ ಈ ಗುಂಪಿನಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದರ ಸ್ಪಾಂಜ್ 42.5 ಡಿಗ್ರಿ, ಅದೇ ಸರಣಿಯ ವೇಗಾ ಪ್ರೊ 47.5 ಡಿಗ್ರಿ. ಟಿಬಾರ್ ಕಂಪನಿಯ ಎವಲ್ಯೂಷನ್ ಸರಣಿಯಲ್ಲಿ ಎಂಎಕ್ಸ್-ಪಿ ಗಟ್ಟಿ, ಇಎಲ್-ಪಿ ಮಧ್ಯಮ, ಎಫ್‌ಎಕ್ಸ್-ಪಿ ಮೆದು. ಎಂಎಕ್ಸ್-ಪಿ ಮುಂಬದಿಗೆ, ಎಫ್‌ಎಕ್ಸ್-ಪಿ ಹಿಂಬದಿಗೆ ಎಂಬ ಜೋಡಣೆ ಕ್ಲಬ್‌ಗಳಲ್ಲಿ ಸಾಮಾನ್ಯ, ಆದರೂ ಎಫ್‌ಎಕ್ಸ್-ಪಿ ಕೂಡ ಚೆನ್ನಾಗಿಯೇ ಚಿಮ್ಮುವ ರಬ್ಬರ್ ಎಂಬುದು ನೆನಪಿರಲಿ. ಬಟರ್‌ಫ್ಲೈ ಬೇಕೇ ಬೇಕೆನ್ನುವವರಿಗೆ ರೋಜೆನಾ ಟೆನರ್ಜಿಗಿಂತ ಹೆಚ್ಚು ಕ್ಷಮಾಗುಣವುಳ್ಳದ್ದು. ಬ್ಯಾಟಿನ ಕೋನ ಸ್ವಲ್ಪ ತಪ್ಪಿದರೂ ಚೆಂಡನ್ನು ಟೇಬಲ್ ಮೇಲೆ ಉಳಿಸುವ ಸಾಧ್ಯತೆ ಅದರಲ್ಲಿ ಹೆಚ್ಚು.

ಟೆನರ್ಜಿ 05 ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ 2008ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದ ಕ್ಲಬ್ ಆಟಗಾರರ ಕನಸಿನ ರಬ್ಬರ್ ಅದು. ಅದರ ಸ್ಪಿನ್ ಅಪಾರ, ಕಮಾನು ಎತ್ತರ, ಎತ್ತುವ ಹೊಡೆತಕ್ಕೆ ಅದ್ಭುತ. ಆದರೆ ಅದೇ ಕಾರಣಕ್ಕೆ ಎದುರಾಳಿಯ ಸ್ಪಿನ್ನೂ ಅದರ ಮೇಲೆ ಅಷ್ಟೇ ಜೋರಾಗಿ ಕೆಲಸ ಮಾಡುತ್ತದೆ. ಸರ್ವ್ ಓದಲು ಬರದ, ಬ್ಲಾಕ್ ಕೋನ ಇನ್ನೂ ಕೂರದ ಬ್ಯಾಕ್‌ಹ್ಯಾಂಡ್‌ಗೆ ಅದನ್ನು ಅಂಟಿಸುವುದು ದುಬಾರಿ ಶಿಕ್ಷೆ.

ಪಟ್ಟಿಯನ್ನು ಎರಡು ಹೆಸರುಗಳಿಗೆ ಇಳಿಸಿದ ಮೇಲೆ, ಸಾಧ್ಯವಾದರೆ ಅದೇ ರಬ್ಬರ್ ಬಳಸುವ ಯಾರಾದರೊಬ್ಬರ ಬ್ಯಾಟನ್ನು ಹತ್ತು ನಿಮಿಷ ಕೇಳಿ ಪಡೆದು ಆಡಿ ನೋಡಿ. ಅವರ ಬ್ಲೇಡ್ ಯಾವುದೆಂದು ಕೇಳಲು ಮರೆಯಬೇಡಿ. ಪಂದ್ಯಾವಳಿಗಳಲ್ಲಿ ಆಡುವವರಾದರೆ ರಬ್ಬರ್ ಫೆಡರೇಷನ್ನಿನ ಅಂಗೀಕೃತ ಪಟ್ಟಿಯಲ್ಲಿರಬೇಕು. ಬ್ಯಾಟಿನ ಒಂದು ಬದಿ ಕಪ್ಪು, ಇನ್ನೊಂದು ಬದಿ ಕಪ್ಪಿನಿಂದಲೂ ಚೆಂಡಿನಿಂದಲೂ ಸ್ಪಷ್ಟವಾಗಿ ಬೇರೆಯಾಗಿ ಕಾಣುವ ಉಜ್ವಲ ಬಣ್ಣ ಇರಬೇಕು. 2021ರ ಅಕ್ಟೋಬರ್‌ವರೆಗೆ ಆ ಇನ್ನೊಂದು ಬಣ್ಣ ಕೆಂಪೇ ಆಗಬೇಕಿತ್ತು, ಈಗ ನೀಲಿ, ಹಸಿರು, ಗುಲಾಬಿ, ನೇರಳೆ ಬಣ್ಣಗಳೂ ಸಲ್ಲುತ್ತವೆ.

ಏಳನೆಯ ಹೆಜ್ಜೆ: ಪಿಂಪಲ್ಸ್ ಬೇಕೇ ಎಂದು ಯೋಚಿಸಿ

ಬ್ಯಾಕ್‌ಹ್ಯಾಂಡ್ ದುರ್ಬಲ ಎಂದೊಡನೆ "ಲಾಂಗ್ ಪಿಂಪಲ್ಸ್ ಹಾಕಿಬಿಡಿ" ಎನ್ನುವ ಸಲಹೆಗಾರರು ಪ್ರತಿ ಕ್ಲಬ್ಬಿನಲ್ಲೂ ಒಬ್ಬರಾದರೂ ಇರುತ್ತಾರೆ. ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ನಲ್ಲಿ ಲಾಂಗ್ ಪಿಂಪಲ್ಸ್ ಇಟ್ಟುಕೊಂಡೇ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ ಗೆದ್ದದ್ದು ನಿಜ. ಜಪಾನಿನ ಮಿಮಾ ಇತೊ ಶಾರ್ಟ್ ಪಿಂಪಲ್ಸ್‌ನಿಂದ ವಿಶ್ವದ ಅಗ್ರ ಆಟಗಾರ್ತಿಯರನ್ನು ಕಾಡಿದ್ದೂ ನಿಜ. ಆದರೆ ಇವರಿಬ್ಬರೂ ತಮ್ಮ ಆಟವನ್ನೇ ಆ ರಬ್ಬರಿನ ಸುತ್ತ ಕಟ್ಟಿಕೊಂಡವರು, ಕೊರತೆ ಮುಚ್ಚಲು ಅಂಟಿಸಿಕೊಂಡವರಲ್ಲ.

ಲಾಂಗ್ ಪಿಂಪಲ್ಸ್‌ನಲ್ಲಿ ಉದ್ದನೆಯ, ಬಾಗುವ ಗುಳ್ಳೆಗಳು ಚೆಂಡನ್ನು ಹಿಡಿಯುವುದಿಲ್ಲ. ಹಾಗಾಗಿ ಬಂದ ಸ್ಪಿನ್ ಬಹುಮಟ್ಟಿಗೆ ಹಾಗೆಯೇ ಉಳಿದು, ಚೆಂಡು ದಿಕ್ಕು ಬದಲಿಸಿದ್ದರಿಂದ ಎದುರಾಳಿಗೆ ಅದು ತಿರುವುಮುರುವಾಗಿ ಕಾಣುತ್ತದೆ: ಅವರ ಜೋರಾದ ಟಾಪ್‌ಸ್ಪಿನ್ ಅವರಿಗೇ ಬ್ಯಾಕ್‌ಸ್ಪಿನ್ ಆಗಿ ಹಿಂದಿರುಗುತ್ತದೆ. ಬ್ಲಾಕ್ ಮತ್ತು ಸರ್ವ್ ತೆಗೆದುಕೊಳ್ಳುವುದು ಸುಲಭವಾಗುತ್ತದೆ. ಆದರೆ ಸ್ಪಿನ್ ಇಲ್ಲದೆ ಬಂದ ಚೆಂಡಿಗೆ ನಿಮ್ಮಿಂದ ಏನನ್ನೂ ಸೇರಿಸಲಾಗುವುದಿಲ್ಲ, ಮತ್ತು ಇದನ್ನು ಬಲ್ಲ ಎದುರಾಳಿ ಅಂಥ ಸಪ್ಪೆ ಚೆಂಡುಗಳನ್ನೇ ಕಳುಹಿಸುತ್ತಾರೆ. ಪಂದ್ಯಕ್ಕೆ ಮುನ್ನ ನಿಮ್ಮ ಬ್ಯಾಟನ್ನು ಕೈಗೆ ತೆಗೆದುಕೊಂಡು ನೋಡುವ ಹಕ್ಕು ಅವರಿಗಿದೆ. ಆದ್ದರಿಂದ ಅಚ್ಚರಿಯ ಲಾಭ ಹೆಚ್ಚು ಕಾಲ ನಡೆಯದು.

ಶಾರ್ಟ್ ಪಿಂಪಲ್ಸ್ ಇನ್ನೊಂದು ದಾರಿ. ಸ್ಪಿನ್ನಿಗೆ ಕಡಿಮೆ ಸ್ಪಂದಿಸುವುದರಿಂದ ಟೇಬಲ್ಲಿಗೆ ಅಂಟಿ ನಿಂತು ಚಪ್ಪಟೆಯಾಗಿ ತಟ್ಟುವವರಿಗೆ ಅದು ಬಹಳ ಚೆನ್ನ. ಸಹಜವಾಗಿಯೇ ನಿಮ್ಮ ಬ್ಯಾಕ್‌ಹ್ಯಾಂಡ್ ಉಜ್ಜುವ ಬದಲು ತಟ್ಟುವ ಬಗೆಯದಾಗಿದ್ದರೆ, ಲಾಂಗ್ ಪಿಂಪಲ್ಸ್‌ಗಿಂತ ಮೊದಲು ಇದನ್ನು ಪರೀಕ್ಷಿಸಿ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಮಾತ್ರ ತರಬೇತುದಾರರ ನಿರ್ದಿಷ್ಟ ಯೋಜನೆ ಇಲ್ಲದೆ ಯಾವ ಪಿಂಪಲ್ಸೂ ಬೇಡ. ಮೊಣಕಾಲು ನೋವಿನಿಂದ ಚಲನೆ ಕುಗ್ಗಿರುವ, ಹೊಸ ಹೊಡೆತ ಕಲಿಯಲು ಸಮಯವಿಲ್ಲದ ಹಿರಿಯ ಆಟಗಾರರಿಗೆ ಲಾಂಗ್ ಪಿಂಪಲ್ಸ್ ಪ್ರಾಮಾಣಿಕವಾದ ಪರಿಹಾರವೇ ಹೌದು.

ಎಂಟನೆಯ ಹೆಜ್ಜೆ: ಅಂಟಿಸುವುದು

ಬಾಷ್ಪಶೀಲ ದ್ರಾವಕಗಳಿರುವ ಸ್ಪೀಡ್ ಗ್ಲೂ 2008ರಲ್ಲೇ ನಿಷೇಧವಾಗಿದೆ. ಸ್ಪಾಂಜನ್ನು ಉಬ್ಬಿಸಿ ವೇಗ ಹೆಚ್ಚಿಸುವ ಬೂಸ್ಟರ್ ಎಣ್ಣೆಗಳಿಗೂ ನಿಯಮದಲ್ಲಿ ಅವಕಾಶವಿಲ್ಲ, ದುರ್ಬಲ ಬ್ಯಾಕ್‌ಹ್ಯಾಂಡ್‌ಗೆ ಅದರ ಅಗತ್ಯವೂ ಇಲ್ಲ. ನೀರು ಆಧಾರಿತ ಅಂಟನ್ನು ಬ್ಲೇಡಿಗೂ ಸ್ಪಾಂಜಿಗೂ ತೆಳುವಾಗಿ, ಸಮನಾಗಿ ಹಚ್ಚಿ, ಬಿಳಿ ಬಣ್ಣ ಹೋಗಿ ಪೂರ್ತಿ ಪಾರದರ್ಶಕವಾಗುವವರೆಗೆ ಒಣಗಲು ಬಿಡಿ. ಹಿಡಿಕೆಯ ಕಡೆಯಿಂದ ಶುರುಮಾಡಿ, ಹಾಳೆಯನ್ನು ಎಳೆಯದೆ, ದುಂಡನೆಯ ಬಾಟಲಿಯಿಂದ ಮೆಲ್ಲಗೆ ಉರುಳಿಸುತ್ತ ಕೂರಿಸಿ. ಎಳೆದು ಅಂಟಿಸಿದ ಹಾಳೆ ಬಿಗಿಯಾಗಿ, ಕೊಂಡದ್ದಕ್ಕಿಂತ ಗಟ್ಟಿಯಾಗಿ ವರ್ತಿಸುತ್ತದೆ. ಕತ್ತರಿಸಿದ ಮೇಲೆ ಬ್ಯಾಟನ್ನು ಮತ್ತೊಮ್ಮೆ ತೂಗಿ, ತೂಕ ಬರೆದಿಡಿ.

ಒಂಬತ್ತನೆಯ ಹೆಜ್ಜೆ: ಪರೀಕ್ಷೆಗೆ ಸಮಯ ಕೊಡಿ

ಹೊಸ ರಬ್ಬರ್ ಹಾಕಿದ ದಿನ ಫೋರ್‌ಹ್ಯಾಂಡ್ ಬದಿಯನ್ನಾಗಲಿ ಬ್ಲೇಡನ್ನಾಗಲಿ ಬದಲಿಸಬೇಡಿ. ಎರಡು ಬದಲಾವಣೆ ಒಟ್ಟಿಗೆ ಆದರೆ ಯಾವುದರಿಂದ ಏನಾಯಿತು ಎಂದು ತಿಳಿಯುವ ದಾರಿ ಮುಚ್ಚುತ್ತದೆ. ಮೊದಲ ಒಂದೆರಡು ಅವಧಿಗಳಲ್ಲಿ ಬರುವ ಅನಿಸಿಕೆಯನ್ನು ನಂಬಬೇಡಿ. ಹೊಸದು ಎಂಬ ಉತ್ಸಾಹ ಮತ್ತು ಹಳೆಯ ಕೋನದ ಅಭ್ಯಾಸ ಎರಡೂ ತೀರ್ಪನ್ನು ವಾಲಿಸುತ್ತವೆ. ವಾರಕ್ಕೆ ಎರಡು ಮೂರು ಬಾರಿ ಆಡುವವರು ಕನಿಷ್ಠ ಒಂದು ತಿಂಗಳು ಅದೇ ರಬ್ಬರಿನಲ್ಲಿರಬೇಕು.

ಈ ಅವಧಿಯಲ್ಲಿ ಮೂರು ಅಭ್ಯಾಸಗಳ ಲೆಕ್ಕ ಇಡಿ. ಜೊತೆಗಾರರು ಸಮ ವೇಗದಲ್ಲಿ ಕೊಡುವ 50 ಟಾಪ್‌ಸ್ಪಿನ್‌ಗಳಲ್ಲಿ ಎಷ್ಟನ್ನು ಬ್ಲಾಕ್ ಮಾಡಿ ಟೇಬಲ್ ಮೇಲೆ ಇಟ್ಟಿರಿ? ಉದ್ದನೆಯ 30 ಬ್ಯಾಕ್‌ಸ್ಪಿನ್ ಚೆಂಡುಗಳಲ್ಲಿ ಎಷ್ಟನ್ನು ಟಾಪ್‌ಸ್ಪಿನ್ ಆಗಿ ಎತ್ತಿದಿರಿ? ಗಿಡ್ಡ ಸರ್ವ್‌ಗಳಲ್ಲಿ ಎಷ್ಟಕ್ಕೆ ನಿಮ್ಮ ಪುಶ್ ಮೇಲೆದ್ದು ಎದುರಾಳಿಗೆ ತುತ್ತಾಯಿತು? ಹಳೆಯ ರಬ್ಬರ್ ಕಿತ್ತುಹಾಕುವ ಮೊದಲೇ ಇದೇ ಮೂರನ್ನು ಎಣಿಸಿಟ್ಟುಕೊಂಡಿದ್ದರೆ ಹೋಲಿಕೆಗೆ ಅರ್ಥವಿರುತ್ತದೆ. ತಿಂಗಳ ಕೊನೆಗೆ ಒಂದು ಪಂದ್ಯವನ್ನು ಮತ್ತೆ ಚಿತ್ರೀಕರಿಸಿ, ಮೊದಲ ಹೆಜ್ಜೆಯ ಟಿಪ್ಪಣಿಯ ಪಕ್ಕದಲ್ಲಿಟ್ಟು ನೋಡಿ.

ತೊಂದರೆ ಕಡಿಮೆಯಾಗಿದ್ದರೂ ಪೂರ್ತಿ ಹೋಗದಿದ್ದರೆ ಒಂದೇ ಗುಣವನ್ನು ಒಂದೇ ಮೆಟ್ಟಿಲು ಬದಲಿಸಿ. ಬ್ಲಾಕ್ ಈಗಲೂ ದಾಟುತ್ತಿದ್ದರೆ ಅದೇ ರಬ್ಬರಿನ ತೆಳು ಹಾಳೆ ತನ್ನಿ. ಎತ್ತುವಾಗ ಚೆಂಡು ಮರಕ್ಕೆ ತಾಗುವ ಸದ್ದು ಬರುತ್ತಿದ್ದರೆ ಅದೇ ರಬ್ಬರಿನ ದಪ್ಪ ಹಾಳೆ, ಅಥವಾ ಅದೇ ಸರಣಿಯ ತುಸು ಗಟ್ಟಿಯಾದದ್ದು. ಎತ್ತುವ ಹೊಡೆತಕ್ಕೆ ಬಲ ಬಂದಂತೆ, ಆ ಸದ್ದು ಕೇಳತೊಡಗುವುದೇ ಮೆದು ರಬ್ಬರಿನಿಂದ ಮೇಲೇರುವ ಕಾಲ ಬಂದಿದೆ ಎಂಬುದರ ಸ್ಪಷ್ಟ ಸೂಚನೆ.

ಆಡಿದ ನಂತರ ಪ್ರತಿ ಬಾರಿಯೂ ಒದ್ದೆ ಸ್ಪಾಂಜಿನಿಂದ ಮೇಲ್ಮೈ ಒರೆಸಿ, ರಕ್ಷಣಾ ಹಾಳೆ ಮುಚ್ಚಿಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬ್ಯಾಟ್ ಬಿಡಬೇಡಿ. ಹಾಳೆಯ ನಡುಭಾಗ ಅಂಚಿಗಿಂತ ಹೊಳೆಯತೊಡಗಿ, ಬೆರಳಿನಿಂದ ಒತ್ತಿ ಎಳೆದಾಗ ಹಿಡಿತ ಸಿಗದೆ ಜಾರಿದರೆ ಆ ರಬ್ಬರಿನ ಆಯಸ್ಸು ಮುಗಿದಿದೆ. ಆಗ ಬ್ಯಾಕ್‌ಸ್ಪಿನ್ ಎತ್ತುವ ಹೊಡೆತ ಮತ್ತೆ ನೆಟ್ಟಿಗೆ ಬೀಳತೊಡಗುತ್ತದೆ. ಹೊಡೆತವನ್ನು ಅನುಮಾನಿಸುವ ಮೊದಲು ಅದೇ ಹೆಸರಿನ, ಅದೇ ದಪ್ಪದ ಹೊಸ ಹಾಳೆಯನ್ನು ಅಂಟಿಸಿ ನೋಡಿ.